ಪಂಪಿಗೂ ಪೈಪಿಗೂ ನಡುವೆ ಅತ್ತಿಗೆ

ನಮ್ಮ ಅತ್ತಿಗೆಗೆ ಊರಿನವರು ಇಟ್ಟ ಹೆಸರು ಕೂದಲೆಳೆ. ಏನನ್ನೇ ಕೈಗೆ ಕೊಡಿ, ಒಂದು ಕಣ್ಣು ಮುಚ್ಚಿ ನೋಡಿ, ಒಂದು ಕೂದಲೆಳೆ ಜಾಸ್ತಿಯಾಯಿತು ಎನ್ನುತ್ತಾರೆ, ಇಲ್ಲವೇ ಒಂದು ಕೂದಲೆಳೆ ಕಮ್ಮಿ ಎನ್ನುತ್ತಾರೆ. ಬಾಗಿಲಿನ ಚಿಲಕವಾಗಲಿ ಸೈಕಲ್ಲಿನ ಆಕ್ಸಲ್ ಆಗಲಿ ನನ್ನ ಹೆಂಡತಿಯ ಬಳೆಯಾಗಲಿ ಇದರಿಂದ ತಪ್ಪಿಸಿಕೊಂಡಿಲ್ಲ. ಅಣ್ಣನದು ಕ್ಷೌರದ ಅಂಗಡಿ. ಹೆಂಡತಿ ಕೂದಲೆಳೆ, ಗಂಡ ಕೂದಲು ಕತ್ತರಿಸುವವನು, ಆ ಮನೆಗೆ ಬೇರೆ ಉದ್ಯೋಗವೇ ಇಲ್ಲ ಎಂದು ಜನ ನಗುತ್ತಿದ್ದರು. ಅಣ್ಣನೂ ಅವರ ಜೊತೆ ಸೇರಿ ನಗುತ್ತಿದ್ದ. ಅತ್ತಿಗೆ ಮಾತ್ರ ನಗದೆ, ಅಣ್ಣ ಈಗಷ್ಟೇ ತಿದ್ದಿದ ಮೀಸೆಯ ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ಗಿರಾಕಿಗೆ ಹೇಳಿ ಒಳಗೆ ಹೋಗುತ್ತಿದ್ದರು. ಇದರಿಂದ ಅಣ್ಣನ ವ್ಯಾಪಾರಕ್ಕೆ ನಷ್ಟವೇನೂ ಆಗಲಿಲ್ಲ. ಆ ಮಾತು ಕೇಳುವುದಕ್ಕೆಂದೇ ಬರುವವರೂ ಇದ್ದರು.

ಅತ್ತಿಗೆಯ ತಂದೆ ಟರ್ನರ್ ಆಗಿದ್ದರು. ಲೇತ್ ಯಂತ್ರಕ್ಕೆ ಕಬ್ಬಿಣವನ್ನೋ ಹಿತ್ತಾಳೆಯನ್ನೋ ಕಟ್ಟಿ, ಅದು ಗರಗರ ತಿರುಗುವಾಗ ಚೂಪಾದ ಟೂಲ್ ಹಿಡಿದು ಬೇಕಾದ ಆಕಾರಕ್ಕೆ ಕೊರೆಯುವ ಕೆಲಸ ಅದು. ಅವರು ಮಗಳಿಗೆ ಅಕ್ಷರಕ್ಕಿಂತ ಮೊದಲು ಅಳತೆ ಕಲಿಸಿದ್ದರಂತೆ. ಮದುವೆಯಾದ ಮೂರನೆಯ ದಿನ ಅತ್ತಿಗೆಯ ಸಾಮಾನು ಲಾರಿಯಲ್ಲಿ ಬಂತು. ಕಪಾಟೋ ಮಂಚವೋ ಇದ್ದೀತೆಂದು ನಮ್ಮಮ್ಮ ಬಾಗಿಲಿಗೆ ಬಂದು ನೋಡಿದರೆ ಒಂದೂವರೆ ಟನ್ನಿನ ಲೇತ್ ನಿಂತಿತ್ತು. ಇಳಿಸಲು ಎಂಟು ಜನ ಬೇಕಾಯಿತು, ಒಳಗೆ ತರಲು ಗೋಡೆಯ ಒಂದು ಪಾಲು ಒಡೆಯಬೇಕಾಯಿತು. ಅಂದಿನಿಂದ ಅಂಗಡಿಯ ಮುಂದಿನ ಅರ್ಧದಲ್ಲಿ ಅಣ್ಣನ ಕುರ್ಚಿ ಮತ್ತು ಕನ್ನಡಿ, ಹಿಂದಿನ ಅರ್ಧದಲ್ಲಿ ಅತ್ತಿಗೆಯ ಲೇತ್. ಸಂಜೆ ಗುಡಿಸಿದರೆ ಕೂದಲೂ ಲೋಹದ ಸಿಪ್ಪೆಯೂ ಒಂದೇ ಬುಟ್ಟಿಗೆ ಬೀಳುತ್ತಿದ್ದವು. ಇಪ್ಪತ್ತಾರು ವರ್ಷ ಹಾಗೇ ನಡೆಯಿತು.

ನಾನು ಅಣ್ಣನ ತಮ್ಮ, ನೀರು ಸರಬರಾಜು ಕಚೇರಿಯ ಉಗ್ರಾಣದ ಗುಮಾಸ್ತ. ಇಷ್ಟು ಹೇಳಿದರೆ ನನ್ನ ಬಗ್ಗೆ ಸಾಕು. ಸಭೆಗಳೆಂದರೆ ನನಗೆ ಆಗುವುದಿಲ್ಲ ಎಂಬುದನ್ನು ಮಾತ್ರ ಸೇರಿಸುತ್ತೇನೆ, ಯಾಕೆಂದರೆ ಮುಂದಿನ ಕಥೆಯಲ್ಲಿ ಸಭೆಗಳಿವೆ.

ಆ ವರ್ಷ ನದಿ ಉಕ್ಕಿ ಕೆಳಗಿನ ಬೀದಿಗಳಿಗೆಲ್ಲ ನುಗ್ಗಿತು. ಪುಣ್ಯಕ್ಕೆ ಹಗಲು ಹೊತ್ತು, ಜನ ಉಳಿದರು. ನೀರು ಇಳಿದ ಮೇಲೆ ನೋಡಿದರೆ ನಮ್ಮ ಕಚೇರಿಯ ನೀರು ಶುದ್ಧೀಕರಣ ಘಟಕ ಕೆಸರಿನಲ್ಲಿ ಕುತ್ತಿಗೆಯವರೆಗೆ ಹೂತುಹೋಗಿತ್ತು. ಆರು ಸಾವಿರ ಜನ ಕಾಲೇಜು ಮೈದಾನದ ಡೇರೆಗಳಲ್ಲಿ ಉಳಿದುಕೊಂಡರು. ಅಣ್ಣ, ಅತ್ತಿಗೆ, ನನ್ನ ಹೆಂಡತಿ, ನಾನು, ನಾಲ್ವರೂ ಅಲ್ಲೇ ಇದ್ದೆವು. ಅತ್ತಿಗೆ ಮಾತ್ರ ಬೆಳಗಾದರೆ ಅಂಗಡಿಗೆ ಹೋಗಿ, ಲೇತಿನ ಕೆಸರು ತೊಳೆದು, ಮೋಟಾರು ಬಿಚ್ಚಿ ಬಿಸಿಲಿಗಿಟ್ಟು, ಮಗು ಮಲಗಿದೆಯೇನೋ ಎಂಬಂತೆ ಅದರ ಪಕ್ಕದಲ್ಲಿ ಕೂತಿರುತ್ತಿದ್ದರು.

ನಮ್ಮ ಸರ್ಕಾರ ನೆರವು ಕೇಳಿತು. ನಾಲ್ಕೇ ದಿನಗಳಲ್ಲಿ ಮೂರು ದೇಶಗಳ ವಿಮಾನಗಳು ಬಂದಿಳಿದವು. ಒಂದು ಸರ್ಕಾರ ನೀರನ್ನು ಶುದ್ಧ ಮಾಡಿ ತಳ್ಳುವ ನಾಲ್ಕು ಪಂಪುಗಳನ್ನು ಕಳಿಸಿತು. ಇನ್ನೊಂದು ಸರ್ಕಾರ ಮಡಚಿಡಬಹುದಾದ ಪೈಪನ್ನು ಮೈಲಿಗಟ್ಟಲೆ ಕಳಿಸಿತು. ಮತ್ತೊಂದು ಹದಿನಾರು ದೊಡ್ಡ ಟ್ಯಾಂಕುಗಳನ್ನು ಕಳಿಸಿತು. ಯಾರೋ ಎಲ್ಲಿಯವರೋ, ನಮ್ಮ ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ಬಾರದವರು, ನಿದ್ದೆಗೆಟ್ಟು ನಮಗಾಗಿ ಪೆಟ್ಟಿಗೆ ಇಳಿಸುವುದನ್ನು ನೋಡಿ ನಾನೂ ಹೋಗಿ ಒಂದು ಪೆಟ್ಟಿಗೆಗೆ ಹೆಗಲು ಕೊಟ್ಟೆ. ಜನ ಚಪ್ಪಾಳೆ ತಟ್ಟಿದರು. ಪಂಪು, ಪೈಪು, ಟ್ಯಾಂಕು ಮೂರೂ ಮೈದಾನದಲ್ಲಿ ಸಾಲಾಗಿ ನಿಂತವು. ಆಮೇಲೆ ಜೋಡಿಸಲು ಹೊರಟಾಗ ಒಂದರ ಬಾಯಿಗೆ ಇನ್ನೊಂದು ಕೂರಲಿಲ್ಲ.

ಮೂರು ದೇಶಗಳಲ್ಲೂ ಪೈಪಿನ ಬಾಯಿಗೆ ಥ್ರೆಡ್, ಅಂದರೆ ತಿರುಗಿಸಿ ಕೂರಿಸುವ ಸುರುಳಿ ಗೆರೆ, ಮೂರು ತರಹ. ಒಬ್ಬರದು ದಪ್ಪ, ಒಬ್ಬರದು ಸಣ್ಣ, ಒಬ್ಬರದು ಹತ್ತಿರಕ್ಕೆ ಬಂದು ಕೈಕೊಡುವಂಥದ್ದು. ಮೂವರೂ ಒಳ್ಳೆಯ ಸಾಮಾನನ್ನೇ ಕಳಿಸಿದ್ದರು. ಮೂರೂ ಕೂಡುವಂತೆ ಮಾಡುವ ಲೋಹದ ಬಳೆಗಳನ್ನು ತರಿಸಲು ಹತ್ತು ದಿನ ಬೇಕು ಎಂದರು.

ಸಭೆ ಕಾಲೇಜಿನ ಪಕ್ಕದ ಪ್ರಾಥಮಿಕ ಶಾಲೆಯ ತರಗತಿಯಲ್ಲಿ ನಡೆಯಿತು. ನೆರವಿನ ಉಸ್ತುವಾರಿ ನಮ್ಮ ಸರ್ಕಾರದ ಒಬ್ಬ ಅಧಿಕಾರಿಣಿಯದು, ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಮೂರು ಸರ್ಕಾರಗಳ ಮೂವರು ಇಂಜಿನಿಯರುಗಳಿಗೆ ನಾವು ಇಟ್ಟುಕೊಂಡ ಹೆಸರು ಪಂಪಿನವರು, ಪೈಪಿನವರು, ಟ್ಯಾಂಕಿನವರು. ಪಂಪಿನವರು ತುಂಬಾ ಎತ್ತರ, ಮಕ್ಕಳ ಬೆಂಚಿನಲ್ಲಿ ಕೂತರೆ ಮೊಣಕಾಲು ಕಿವಿಗೆ ತಾಗುತ್ತಿತ್ತು. ಪೈಪಿನವರು ಮಾತು ಕಡಿಮೆಯ ಹೆಂಗಸು. ಟ್ಯಾಂಕಿನವರು ನಿವೃತ್ತಿಗೆ ಹತ್ತಿರವಾಗಿದ್ದ ಮುದುಕರು, ನಗುಮುಖ. ಮೂವರಿಗೂ ಗೊತ್ತಿದ್ದ ಭಾಷೆ ನನಗೆ ಅರ್ಧಂಬರ್ಧ ಗೊತ್ತಿತ್ತಾದ್ದರಿಂದ ಟಿಪ್ಪಣಿ ಬರೆಯಲು ನನ್ನನ್ನು ಕೂರಿಸಿದ್ದರು.

ಮೇಡಂ ಸುತ್ತಿಬಳಸದೆ ಹೇಳಿದರು. ಟ್ಯಾಂಕರ್ ಲಾರಿಗಳ ನೀರು ದಿನಕ್ಕೆ ತಲೆಗೆ ಐದು ಲೀಟರಿಗಿಂತ ಹೆಚ್ಚು ಸಿಗುತ್ತಿಲ್ಲ, ಭೇದಿ ಶುರುವಾದೀತೆಂದು ವೈದ್ಯರು ಎಚ್ಚರಿಸಿದ್ದಾರೆ. ಇವತ್ತು ಭಾನುವಾರ. ಬುಧವಾರ ಮಧ್ಯಾಹ್ನ ಹನ್ನೆರಡರೊಳಗೆ ಮೈದಾನದ ನಲ್ಲಿಗಳಲ್ಲಿ ಕುಡಿಯುವ ನೀರು ಬರದಿದ್ದರೆ ಆರು ಸಾವಿರ ಜನರನ್ನೂ ಬಸ್ಸು ಹತ್ತಿಸಿ ಇನ್ನೂರು ಕಿಲೋಮೀಟರ್ ಆಚೆಯ ಶಿಬಿರಕ್ಕೆ ಕಳಿಸುವುದೇ ದಾರಿ. ಮತ್ತೆ ಯಾವಾಗ ಕರೆತರುತ್ತೀರಿ ಎಂದು ನಾನು ಕೇಳಿದೆ, ಟಿಪ್ಪಣಿ ಬರೆಯುವವನು ಕೇಳಬಾರದಿತ್ತು. ಮೇಡಂ ಮುಂದಿನ ಕಾಗದಕ್ಕೆ ಕೈ ಹಾಕಿದರು. ಒಮ್ಮೆ ಚದುರಿದ ಬೀದಿ ಮತ್ತೆ ಸೇರುವುದು ಅಪರೂಪ ಎಂಬುದು ಅವರಿಗೂ ಗೊತ್ತಿತ್ತು.

ನನಗೆ ಆಗ ನೆನಪಾದದ್ದು ಅತ್ತಿಗೆ. ಬಸ್ಸಿಗೆ ಗಂಟು ಮೂಟೆ ಹೇರಬಹುದು, ಲೇತನ್ನು ಹೇರಲಾಗುವುದಿಲ್ಲ. ಆ ತೇವದಲ್ಲಿ ಎರಡು ತಿಂಗಳು ಬಿಟ್ಟರೆ ಅದು ತುಕ್ಕಿನ ಗುಡ್ಡೆಯಾಗುತ್ತದೆ. ನಾನು ಎದ್ದು ನಿಂತು, ಬಳೆಯನ್ನು ನಮ್ಮೂರಲ್ಲೇ ಮಾಡುವವರಿದ್ದಾರೆ, ನಮ್ಮ ಅತ್ತಿಗೆ ಎಂದೆ. ತಕ್ಷಣ ಮೂವರಿಗೂ ಅವರವರ ಸರ್ಕಾರದ ನಿಯಮ ನೆನಪಾಯಿತು. ತಮ್ಮ ಪಂಪಿಗೆ ಒಪ್ಪಿಗೆಯಿಲ್ಲದ ಬಿಡಿಭಾಗ ಹಾಕುವಂತಿಲ್ಲ ಎಂದರು ಪಂಪಿನವರು. ಪೈಪಿಗೂ ಅದೇ, ಟ್ಯಾಂಕಿಗೂ ಅದೇ. ಊರಿಗೆ ಊರೇ ಬಾಯಾರಿ ಕೂತಿರುವಾಗ ಇದೆಂಥ ಮಡಿವಂತಿಕೆ ಎಂದು ನನ್ನ ಪಿತ್ತ ನೆತ್ತಿಗೇರಿತು. ಮೇಡಂ ಮಾತ್ರ ಕಪ್ಪು ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣದಲ್ಲಿ ಒಂದು ಬಳೆ ಬರೆದರು.

"ನಿಮ್ಮ ಪಂಪು ಇಲ್ಲಿಗೆ ಮುಗೀತು. ನಿಮ್ಮ ಪೈಪು ಇಲ್ಲಿಂದ ಶುರು. ನಡುವಿನ ಬಳೆ ನಮ್ಮದು, ನಮ್ಮ ಸರ್ಕಾರದ್ದು. ನಿಮ್ಮ ಸಾಮಾನಿಗೆ ಯಾರೂ ಏನೂ ಹಾಕ್ತಿಲ್ಲ, ನಮ್ಮ ಬಳೆಗೆ ನೀವು ನಿಮ್ಮ ಸಾಮಾನು ಸಿಕ್ಕಿಸ್ತಿದೀರ."

ನಾನು ಅದನ್ನು ನನ್ನ ಹರಕು ಭಾಷೆಯಲ್ಲಿ ಹೇಳಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಟ್ಯಾಂಕಿನ ಮುದುಕರು ಮೊದಲು ನಕ್ಕರು, ಆಮೇಲೆ ಸಹಿ ಹಾಕಿದರು. ಉಳಿದಿಬ್ಬರೂ ಹಾಕಿದರು. ನನ್ನ ಜೀವಮಾನದಲ್ಲಿ ಉಪಯೋಗಕ್ಕೆ ಬಂದ ಸಭೆ ಇದೊಂದೇ.

ಕಂಚು ಬೇಕಿತ್ತು. ನನ್ನ ಉಗ್ರಾಣದಲ್ಲಿ ಹಳೆಯ ಪಂಪುಗಳಿಂದ ಬಿಚ್ಚಿಟ್ಟ, ಕೊಳವೆಯ ತುಂಡಿನಂಥ ದಪ್ಪ ಕಂಚಿನ ಬುಷ್‌ಗಳು ರಾಶಿಯಾಗಿ ಬಿದ್ದಿದ್ದವು. ಹರಾಜಿಲ್ಲದೆ ಗುಜರಿ ಹೊರಗೆ ಹೋಗಬಾರದೆಂಬುದು ನಿಯಮ. ಹತ್ತೊಂಬತ್ತು ವರ್ಷ ಆ ನಿಯಮವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ ನಾನೇ, ತುರ್ತು ದುರಸ್ತಿಗೆ ಎಂದು ಚೀಟಿ ಬರೆದು, ನಾನೇ ಸಹಿ ಹಾಕಿ, ನಾನೇ ತಳ್ಳುಗಾಡಿಯಲ್ಲಿ ತಳ್ಳಿಕೊಂಡು ಹೋದೆ. ಅಂಗಡಿಗೆ ಕರೆಂಟು ಇರಲಿಲ್ಲ. ಪಂಪಿನವರು ತಮ್ಮ ಹೆಚ್ಚುವರಿ ಜನರೇಟರನ್ನು ಅಷ್ಟೆತ್ತರದ ಮೈ ಬಗ್ಗಿಸಿ ಬೀದಿಯುದ್ದಕ್ಕೂ ತಳ್ಳಿಕೊಂಡು ಬಂದರು. ಮೈದಾನದ ಮಕ್ಕಳೆಲ್ಲ ಅದರ ಹಿಂದೆ ಮೆರವಣಿಗೆ ಹೊರಟವು.

ಅತ್ತಿಗೆ ಮೂವರನ್ನೂ ಅಂಗಡಿಯೊಳಗೆ ಕರೆದು ಅಣ್ಣನ ಗಿರಾಕಿಗಳ ಬೆಂಚಿನ ಮೇಲೆ ಕೂರಿಸಿದರು. ಭಾಷೆ ಬೇಕಾಗಲೇ ಇಲ್ಲ. ವರ್ನಿಯರ್ ಎಂಬ ಅಳತೆಯ ಕಡ್ಡಿಯನ್ನು ಅತ್ತಿಗೆ ಹಿಡಿದ ರೀತಿ ನೋಡಿಯೇ ಪೈಪಿನ ಹೆಂಗಸು ತಮ್ಮ ಕೋಟು ಬಿಚ್ಚಿ ಗೋಡೆಗೆ ನೇತುಹಾಕಿ ಹತ್ತಿರ ಬಂದು ನಿಂತರು. ಪಂಪಿನ ಬಾಯಿ ಅಳೆದದ್ದಾಯಿತು, ಪೈಪಿನದೂ ಆಯಿತು. ಟ್ಯಾಂಕುಗಳ ಬಾಯಿಗೆ ಸೀಲ್ ಇತ್ತು. ಧೂಳು ಹೋಗದಂತೆ, ನೀರು ತುಂಬುವ ದಿನವೇ ಒಡೆಯಬೇಕೆಂದು ಅವರ ಸರ್ಕಾರದ ಕಟ್ಟಪ್ಪಣೆ. ಅದಕ್ಕೇನಂತೆ ಎಂದು ಟ್ಯಾಂಕಿನವರು ತಮ್ಮ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಮಾದರಿ ಬಾಯಿ ತೆಗೆದು ಎರಡೂ ಕೈಯಲ್ಲಿ ಕೊಟ್ಟರು. ಅತ್ತಿಗೆ ಅದನ್ನು ಅಳೆದರು. ನಾಲ್ಕು ಬಳೆ ಪಂಪಿಗೆ, ಹದಿನಾರು ಟ್ಯಾಂಕಿಗೆ, ಒಟ್ಟು ಇಪ್ಪತ್ತು.

"ಆಗುತ್ತಾ ಅತ್ತಿಗೆ?" ಎಂದೆ.

"ಬುಧವಾರ ಯಾಕೆ, ಮಂಗಳವಾರ ಮಧ್ಯಾಹ್ನಕ್ಕೇ ಕೊಡ್ತೀನಿ. ಬಸ್ಸಿನೋರಿಗೆ ಬರಬೇಡಿ ಅಂತ ಹೇಳಿಬಿಡು," ಎಂದರು. ಅಷ್ಟು ಧೈರ್ಯದ ಮಾತು ಕೇಳಿ ಬೀದಿಗೆಲ್ಲ ಹಬ್ಬ. ಅಣ್ಣ ಸಂತೋಷಕ್ಕೆ ಪಂಪಿನವರ ಗಡ್ಡ ತೆಗೆದುಬಿಟ್ಟ, ಅವರು ಕೇಳಿರಲೂ ಇಲ್ಲ.

ಎರಡು ದಿನ ಆ ಲೇತಿನ ಸದ್ದು ಮೈದಾನದವರೆಗೂ ಕೇಳುತ್ತಿತ್ತು. ಕಂಚಿನ ಸಿಪ್ಪೆ ಬಂಗಾರದ ಸುರುಳಿಯ ಹಾಗೆ ಅತ್ತಿಗೆಯ ಕಾಲಬುಡದಲ್ಲಿ ಬೀಳುತ್ತಿತ್ತು. ಡೇರೆಗಳಿಂದ ಹೆಂಗಸರು ಸರದಿಯ ಮೇಲೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ನನ್ನ ಹೆಂಡತಿ ಟೀ ತಂದರೆ ಅತ್ತಿಗೆ ಅವಳಿಂದಲೇ ಕುಡಿಸಿಕೊಳ್ಳುತ್ತಿದ್ದರು, ಕೈ ಬಿಡಲು ಪುರುಸೊತ್ತಿಲ್ಲ. ಮಂಗಳವಾರ ಎರಡು ಗಂಟೆಗೆ ಇಪ್ಪತ್ತನೆಯ ಬಳೆ ಇಳಿಯಿತು.

ಮೈದಾನಕ್ಕೆ ಒಯ್ದೆವು. ಪಂಪಿನ ನಾಲ್ಕೂ ಬಳೆ ಬೆಣ್ಣೆಯ ಹಾಗೆ ಕೂತವು. ಟ್ಯಾಂಕಿನವರು ಮೊದಲ ಸೀಲ್ ಒಡೆದು ಬಳೆ ತಿರುಗಿಸಿದರು. ಎರಡು ಸುತ್ತು ಹೋಗಿ ಮೂರನೆಯದಕ್ಕೆ ನಿಂತಿತು. ಅವರು ದೊಡ್ಡ ಪಾನಾ ಎತ್ತಿಕೊಂಡರು. ಅತ್ತಿಗೆ ಅವರ ಮಣಿಕಟ್ಟು ಹಿಡಿದು ತಡೆದರು. ಬಲ ಹಾಕಿದರೆ ಬಳೆಯೂ ಹೋಯಿತು, ಟ್ಯಾಂಕಿನ ಬಾಯಿಯೂ ಹೋಯಿತು. ಎರಡನೆಯ ಟ್ಯಾಂಕು ನೋಡಿದರು, ಮೂರನೆಯದು ನೋಡಿದರು. ಎಲ್ಲವೂ ಎರಡು ಸುತ್ತಿಗೇ ನಿಂತವು. ಮಾದರಿ ಬಾಯಿಯನ್ನೂ ಹೊಸ ಟ್ಯಾಂಕಿನ ಬಾಯಿಯನ್ನೂ ಅಕ್ಕಪಕ್ಕ ಅಳೆದಾಗ ಗೊತ್ತಾಯಿತು, ಮಾದರಿ ಸವೆದು ಸಣ್ಣದಾಗಿತ್ತು. ಹೆಚ್ಚೇನಲ್ಲ, ಒಂದು ಕೂದಲೆಳೆ.

ಅತ್ತಿಗೆ ಹುಲ್ಲಿನ ಮೇಲೆ ಹಾಗೇ ಕೂತರು. ಸುತ್ತ ನೂರಾರು ಜನ ನಿಂತಿದ್ದರು.

"ತಪ್ಪು ನಂದೇ," ಎಂದರು ಅತ್ತಿಗೆ. "ಒಂದೇ ಒಂದನ್ನ ಅಳೆದು ಹದಿನಾರು ಮಾಡಿದೆ. ಅಷ್ಟು ಮರ್ಯಾದೆಯಿಂದ ಕೊಟ್ರಲ್ಲ, ಇನ್ನೊಂದು ತೋರಿಸಿ ಅನ್ನೋಕೆ ಬಾಯಿ ಬರಲಿಲ್ಲ. ನಮ್ಮಪ್ಪ ಇದ್ದಿದ್ರೆ ನನ್ನ ಲೇತ್ ಹತ್ರ ಸೇರಿಸ್ತಿರಲಿಲ್ಲ."

ನಾನು ತಿಳಿಸಿದ್ದೇ ತಡ, ಟ್ಯಾಂಕಿನ ಮುದುಕರ ಮುಖ ಕೆಂಪಾಯಿತು. ಅವರು ಹೇಳಿದ್ದು ಇಷ್ಟು: ಆ ಮಾದರಿಯನ್ನು ಹನ್ನೊಂದು ದುರಂತಗಳಿಗೆ ಕೊಂಡೊಯ್ದಿದ್ದೇನೆ, ಹೋದಲ್ಲೆಲ್ಲ ಹೀಗೆ ತಿರುಗಿಸಿ ಹೀಗೆ ಬಿಚ್ಚಿ ಎಂದು ತೋರಿಸಿ ತೋರಿಸಿ ಸವೆಸಿದವನು ನಾನು, ತಪ್ಪು ನನ್ನದು. ಅತ್ತಿಗೆ ಒಪ್ಪಲಿಲ್ಲ. ಅವರೂ ಬಿಡಲಿಲ್ಲ. ತಪ್ಪು ನನಗೆ ಬೇಕು ನನಗೆ ಬೇಕು ಎಂದು ಇಬ್ಬರೂ ಜಗಳಕ್ಕೆ ನಿಂತದ್ದನ್ನು ನಾನು ಎರಡೂ ಭಾಷೆಯಲ್ಲಿ ಸಾಗಿಸಬೇಕಾಯಿತು. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಕಚೇರಿಯಲ್ಲಿ ಬೆಳೆದ ನನಗೆ ಇದು ಹೊಸತು.

ಮೇಡಂ ಗಡಿಯಾರ ನೋಡಿದರು. "ತಪ್ಪನ್ನ ಇಬ್ಬರೂ ಅರ್ಧ ಅರ್ಧ ಹಂಚ್ಕೊಳ್ಳಿ. ಸರಿ ಮಾಡೋಕಾಗುತ್ತಾ ಹೇಳಿ."

ಆಗುತ್ತದೆ, ಆದರೆ ಕಷ್ಟ. ಒಮ್ಮೆ ಕೊರೆದು ಬಿಚ್ಚಿದ ಬಳೆಯನ್ನು ಮತ್ತೆ ಲೇತಿಗೆ ಕಟ್ಟಿ, ಟೂಲಿನ ಮೊನೆಯನ್ನು ಅದೇ ಹಳೆಯ ಗೆರೆಗೆ ಕೂರಿಸಬೇಕು. ಹೊಲಿಗೆ ಬಿಚ್ಚಿದ ಬಟ್ಟೆಯ ಅದೇ ತೂತುಗಳಲ್ಲಿ ಮತ್ತೆ ಸೂಜಿ ಹಾಯಿಸಿದ ಹಾಗೆ. ಸ್ವಲ್ಪ ತಪ್ಪಿದರೂ ಬಳೆ ಗುಜರಿಗೆ, ಬದಲಿಗೆ ಆ ಗಾತ್ರದ ಬೇರೆ ಕಂಚು ಉಳಿದಿಲ್ಲ. ಟ್ಯಾಂಕಿನವರು ತಮ್ಮ ಸರ್ಕಾರದ ಕಟ್ಟಪ್ಪಣೆಯನ್ನು ಬದಿಗಿಟ್ಟು ಒಂದು ಹೊಸ ಟ್ಯಾಂಕಿನ ಬಾಯಿಯನ್ನೇ ಬೋಲ್ಟು ಬಿಚ್ಚಿ ಅಂಗಡಿಗೆ ತಂದರು. ಅತ್ತಿಗೆ ಒಂದೊಂದು ಬಳೆ ಕೊರೆದು ಕೊಟ್ಟಂತೆ ಪೈಪಿನ ಹೆಂಗಸು ಅದರ ಮೇಲೆ ತಿರುಗಿಸಿ ನೋಡುತ್ತಿದ್ದರು. ಕೂತರೆ ತಲೆಯಾಡಿಸುತ್ತಿದ್ದರು, ಕೂರದಿದ್ದರೆ ಎರಡು ಬೆರಳು ಹತ್ತಿರ ತಂದು ತೋರಿಸುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಹತ್ತು ಮುಗಿದವು. ಇನ್ನು ಸಾಕು, ಕೈ ಸೋತಿದೆ, ಸೋತ ಕೈಯಿಂದ ಕೆಡಿಸುವುದಕ್ಕಿಂತ ಮಲಗುವುದು ಮೇಲು ಎಂದು ಅತ್ತಿಗೆಯೇ ಹೇಳಿದರು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಕೊನೆಯ ಬಳೆ ಇಳಿಯಿತು. ಅಷ್ಟರಲ್ಲಿ ಬಸ್ಸುಗಳೂ ಬಂದಿದ್ದವು. ನೀವು ಮುಂದೆ ನಡೆಯಿರಿ, ನಾನು ಬರುತ್ತೇನೆ ಎಂದು ಅತ್ತಿಗೆ ನಮ್ಮನ್ನೆಲ್ಲ ಹೊರಗೆ ಕಳಿಸಿ ಷಟರ್ ಎಳೆದುಕೊಂಡರು. ಊರು ಹೊತ್ತಿ ಉರಿಯುತ್ತಿರುವಾಗ ಇವರಿಗೆ ಒಳಗೆ ಏನು ಕೆಲಸವೋ ಎಂದು ನಾನು ಗೊಣಗಿಕೊಂಡೇ ಬಳೆಗಳನ್ನು ಒಯ್ದೆ. ಅವರು ಬರುವಾಗ ಹತ್ತೂವರೆ.

ಜನ ಬಸ್ಸು ಹತ್ತತೊಡಗಿದ್ದರು. ಅಣ್ಣ ನಮ್ಮ ಗಂಟನ್ನೂ ತನ್ನ ಕತ್ತರಿಗಳ ಪೆಟ್ಟಿಗೆಯನ್ನೂ ಮೂರನೆಯ ಬಸ್ಸಿನ ಮೇಲೆ ಕಟ್ಟಿ ಬಂದಿದ್ದ. ಇತ್ತ ಹದಿನಾರೂ ಟ್ಯಾಂಕಿಗೆ ಬಳೆ ಕೂತಿತು, ಪೈಪು ಕೂಡಿತು. ಪಂಪಿನವರು ಗುಂಡಿ ಒತ್ತಿದರು. ಚಪ್ಪಟೆಯಾಗಿ ಮಲಗಿದ್ದ ಪೈಪು ಉಸಿರು ಎಳೆದುಕೊಂಡಂತೆ ಉಬ್ಬುತ್ತ ಬಂತು. ಅತ್ತಿಗೆ ಮಂಡಿಯೂರಿ ಒಂದೊಂದೇ ಬಳೆಯ ಕೆಳಗೆ ಬೆರಳಾಡಿಸುತ್ತ ಹೋದರು. ಪ್ರತಿ ಸಲ ಬೆರಳನ್ನು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು, ಒಣಗಿದೆ. ಇಪ್ಪತ್ತೂ ಒಣಗಿದ್ದವು.

ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇರುವಾಗ ಮೇಡಂ ಮೊದಲ ನಲ್ಲಿ ತಿರುಗಿಸಿದರು. ಬುಸ್ಸೆಂದು ಗಾಳಿ ಬಂತು, ಕಂದು ನೀರು ಬಂತು, ಆಮೇಲೆ ತಿಳಿ ನೀರು ಬಂತು. ಪರೀಕ್ಷೆಯ ಸೀಸೆಗೆ ಹಿಡಿದು, ಬಣ್ಣ ನೋಡಿ, ತಾವೇ ಒಂದು ಲೋಟ ಕುಡಿದರು. ಆಮೇಲೆ ಬಸ್ಸಿನ ಸಾಲಿನತ್ತ ನಡೆದುಹೋಗಿ ಮೊದಲ ಚಾಲಕನಿಗೆ, ಇಳಿಸಪ್ಪ ಎಲ್ಲರನ್ನೂ ಎಂದರು.

ಬಸ್ಸಿನಿಂದ ಜನ ಇಳಿಯುವುದನ್ನು ನಾನು ಜೀವನವಿಡೀ ನೋಡಿದ್ದೇನೆ, ಹೀಗೆ ಇಳಿದದ್ದನ್ನು ನೋಡಿಲ್ಲ. ಬಾಗಿಲು ಸಾಲದೆ ಕಿಟಕಿಯಿಂದ ಇಳಿದರು. ಬಿಂದಿಗೆ, ಬಕೆಟ್ಟು, ಪಾತ್ರೆ, ಟೋಪಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿದರು. ಬಸ್ಸಿನ ಚಾಲಕರೂ ಸಾಲಿನಲ್ಲಿ ನಿಂತರು. ಯಾರೋ ಟ್ಯಾಂಕಿನ ಮುದುಕರ ಮೇಲೆ ಒಂದು ಚೊಂಬು ನೀರು ಸುರಿದರು, ಅವರು ಅದನ್ನು ಪಂಪಿನವರಿಗೆ ದಾಟಿಸಿದರು, ಆಮೇಲೆ ಯಾರು ಯಾರಿಗೆ ಸುರಿದರೋ ಲೆಕ್ಕವಿಲ್ಲ. ನನ್ನ ಹೆಂಡತಿ ನನ್ನನ್ನು ಮುಡಿಯಿಂದ ಅಡಿಯವರೆಗೆ ತೋಯಿಸಿದಳು. ಅತ್ತಿಗೆಯನ್ನು ಎತ್ತಿ ಕುಣಿಸಬೇಕೆಂದು ಜನ ಹುಡುಕಿದರೆ ಅತ್ತಿಗೆ ಇಲ್ಲ.

ಅಣ್ಣನೂ ನಾನೂ ಅಂಗಡಿಗೆ ಓಡಿದೆವು. ಷಟರ್ ಅರ್ಧ ಎತ್ತಿತ್ತು. ಒಳಗೆ ಲೇತಿಗೆ ತಲೆಯಿಂದ ಕಾಲಿನವರೆಗೆ ದಪ್ಪಗೆ ಗ್ರೀಸ್ ಬಳಿದಿತ್ತು. ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಸುತ್ತ ಹಗ್ಗ. ಬೆಳಿಗ್ಗೆ ಷಟರ್ ಎಳೆದುಕೊಂಡು ಅತ್ತಿಗೆ ಮಾಡಿದ್ದು ಇದು. ವರ್ಷಗಟ್ಟಲೆ ಬಿಟ್ಟುಹೋಗುವ ಯಂತ್ರವನ್ನು ಹೀಗೆಯೇ ಕಟ್ಟುತ್ತಾರೆ. ಅತ್ತಿಗೆ ನೆಲದ ಮೇಲೆ ಕೂತು ಹಗ್ಗದ ಗಂಟು ಬಿಚ್ಚುತ್ತಿದ್ದರು, ಬಿಗಿದ ಗಂಟು ಬಿಚ್ಚಿಕೊಳ್ಳುತ್ತಿರಲಿಲ್ಲ.

"ನೀರು ಬರುತ್ತೆ ಅಂತ ನನಗೆ ನಂಬಿಕೆನೇ ಇರಲಿಲ್ಲ ರೀ," ಎಂದರು ಅಣ್ಣನಿಗೆ. "ನಿಮಗೆಲ್ಲ ಧೈರ್ಯ ಹೇಳಿ ಇದಕ್ಕೆ ಹೋಗಿಬರ್ತೀನಿ ಅಂದುಬಿಟ್ಟೆ."

ಎಲ್ಲದಕ್ಕೂ ಒಂದು ತಮಾಷೆ ಇಟ್ಟುಕೊಂಡಿರುವ ನಮ್ಮಣ್ಣ ಆಗ ಹೆಂಡತಿಯ ಪಕ್ಕ ಕೂತು ಗಂಟಿಗೆ ಕೈ ಹಾಕಿದ. ನನ್ನ ಕಣ್ಣಲ್ಲಿ ನೀರು ಬಂತು, ಹೇಗೂ ಮೈಯೆಲ್ಲ ಒದ್ದೆಯಾಗಿತ್ತು, ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಮೂವರು ಇಂಜಿನಿಯರುಗಳು ನೀರು ತೊಟ್ಟಿಕ್ಕಿಸುತ್ತ ಬಾಗಿಲಿಗೆ ಬಂದರು. ಗ್ರೀಸ್ ಬಳಿದ ಯಂತ್ರ ನೋಡಿದ ಕೂಡಲೇ ಮೂವರಿಗೂ ಅರ್ಥವಾಯಿತು, ನಾನು ಬಾಯಿ ಬಿಡಬೇಕಾಗಲಿಲ್ಲ. ಪೈಪಿನ ಹೆಂಗಸು ಅಣ್ಣನ ಅಂಗಡಿಯ ಟವೆಲ್ಲುಗಳನ್ನು ತೆಗೆದು ಎಲ್ಲರಿಗೂ ಒಂದೊಂದು ಹಂಚಿದರು. ಪಂಪಿನವರು ಮೇಲಿನ ಭಾಗ ಒರೆಸಿದರು, ಟ್ಯಾಂಕಿನವರು ಸ್ಟೂಲಿನ ಮೇಲೆ ಕೂತು ಹಿಡಿಗಳನ್ನು ಒರೆಸಿದರು. ಮೂರು ಸರ್ಕಾರಗಳ ಕೈಗೆ ಗ್ರೀಸಾಯಿತು. ಅತ್ತಿಗೆ ಅಳುತ್ತಲೂ ನಗುತ್ತಲೂ, ಅಲ್ಲಿ ಬಿಟ್ಟಿರಿ, ಇಲ್ಲಿ ಬಿಟ್ಟಿರಿ ಎಂದು ಬೆರಳು ತೋರಿಸುತ್ತಿದ್ದರು.

ಮೇಡಂ ಒಂದು ಪಟ್ಟಿ ಹಿಡಿದು ಬಂದರು. ಬಸ್ಸು ಹತ್ತುವವರ ಪಟ್ಟಿಯನ್ನು ಹೊಡೆದುಹಾಕಿ ಊರಲ್ಲೇ ಉಳಿಯುವವರ ಪಟ್ಟಿ ಹೊಸದಾಗಿ ಬರೆಯಬೇಕಿತ್ತು. ಯಾವ ಮನೆಗೆ ಎಷ್ಟು ಜನವೋ ಅಷ್ಟು ಜನರ ನೀರು. ಮೊದಲ ಮನೆ ನಿಮ್ಮದೇ ಆಗಲಿ ಎಂದು ಅತ್ತಿಗೆಯ ಎದುರಿಗೆ ಪೆನ್ನು ಹಿಡಿದು ನಿಂತರು, ಉಳಿಯೋರು ಎಷ್ಟು ಜನ ಎಂದರು.

ಅತ್ತಿಗೆ ಅಣ್ಣನನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯನ್ನು ನೋಡಿದರು. ಆಮೇಲೆ ಲೇತಿನ ಮೇಲೆ ಕೈಯಿಟ್ಟರು.

"ಐದು," ಎಂದರು.

ಮೇಡಂ ಐದು ಎಂದೇ ಬರೆದುಕೊಂಡರು. ಶಿಬಿರ ಮುಚ್ಚುವವರೆಗೂ ನಮ್ಮ ಮನೆಗೆ ದಿನಾ ಐವರ ನೀರು ಬಂತು.